ಕೆಂಪು ಬಂದರೆ ನಂಬಬೇಕು: ಹಳೆಯ ರೂಬಿ ಟೆಸ್ಟ್‌ಗಳನ್ನು ಕಾಪಾಡುವ ಕೆಲಸ

(ಚಿಕ್ಕಮಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವರು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿದ್ದ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ, ಬೇಲೂರು, ಸಕಲೇಶಪುರದ ಕಡೆಯಿಂದಲೂ ಬಂದಿದ್ದೀರಿ. ಅರ್ಧ ಜನ ಇನ್ನೂ ಓದುತ್ತಿದ್ದೀರಿ, ಉಳಿದವರು ಕೆಲಸದಲ್ಲಿದ್ದೀರಿ. ಇಬ್ಬರಿಗೂ ಉಪಯೋಗ ಆಗುವ ಹಾಗೆ ಮಾತಾಡಲು ನೋಡುತ್ತೇನೆ.

ನಾನು ಮತ್ತು ಇನ್ನಿಬ್ಬರು ಗೆಳೆಯರು ಸೇರಿ ಒಂದು ಪ್ರೋಗ್ರಾಮ್ ನೋಡಿಕೊಳ್ಳುತ್ತೇವೆ. ಕಾಫಿ ತೋಟಗಳ ಚೆಕ್‌ರೋಲ್ (ಕೆಲಸಗಾರರ ಹಾಜರಿ ಪಟ್ಟಿ) ಮತ್ತು ಬಟವಾಡೆ ಲೆಕ್ಕ ಇಡುವ ಪ್ರೋಗ್ರಾಮ್ ಅದು. ಯಾರು ಯಾವ ದಿನ ಕೆಲಸಕ್ಕೆ ಬಂದರು, ಎಷ್ಟು ಕೆಜಿ ಹಣ್ಣು ಕೊಯ್ದರು, ಮುಂಗಡ ಎಷ್ಟು ತಗೊಂಡಿದ್ದಾರೆ, ವಾರದ ಕೊನೆಗೆ ಕೈಗೆ ಎಷ್ಟು ಸಿಗಬೇಕು ಎಂಬ ಲೆಕ್ಕ. ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ವೆಬ್ ಪ್ರೋಗ್ರಾಮ್ ಕಟ್ಟಲು ಅದಕ್ಕಿರುವ ರೂಬಿ ಆನ್ ರೈಲ್ಸ್ ಚೌಕಟ್ಟಿನಲ್ಲಿ ಬರೆದದ್ದು. ಶುರು ಮಾಡಿದವರು ನಾವಲ್ಲ. ಅವರು ಬೇರೆ ಕಡೆ ಹೋದ ಮೇಲೆ ನಮ್ಮ ಕೈಗೆ ಬಂತು. ಕೋಡ್ ಜೊತೆಗೆ ದೊಡ್ಡದೊಂದು ಟೆಸ್ಟ್‌ಗಳ ಫೋಲ್ಡರ್ ಕೂಡ ಬಂತು. ಇವತ್ತಿನ ಮಾತು ಆ ಫೋಲ್ಡರ್ ಬಗ್ಗೆ.

ವಿದ್ಯಾರ್ಥಿಗಳಿಗಾಗಿ ಒಂದು ನಿಮಿಷ. ಟೆಸ್ಟ್ ಅಂದರೆ ಪ್ರೋಗ್ರಾಮನ್ನು ಓಡಿಸಿ ನೋಡುವ ಇನ್ನೊಂದು ಚಿಕ್ಕ ಪ್ರೋಗ್ರಾಮ್. ‘ಆರು ದಿನ ಕೆಲಸ, ಐನೂರು ರೂಪಾಯಿ ಮುಂಗಡ, ಕೈಗೆ ಇಷ್ಟು ಬರಬೇಕು’ ಎಂದು ಅದರಲ್ಲಿ ಬರೆದಿರುತ್ತದೆ. ಉತ್ತರ ಸರಿ ಬಂದರೆ ಹಸಿರು, ತಪ್ಪಾದರೆ ಕೆಂಪು. ಇಂಥ ನೂರಾರು, ಸಾವಿರಾರು ಟೆಸ್ಟ್‌ಗಳು ಸೇರಿದರೆ ಅದನ್ನು ಟೆಸ್ಟ್ ಸೂಟ್ ಎನ್ನುತ್ತೇವೆ. ಕೋಡ್ ಬದಲಿಸಿದಾಗಲೆಲ್ಲ ಇಡೀ ಸೂಟ್ ಓಡಿಸುತ್ತೇವೆ. ಇಷ್ಟು ಗೊತ್ತಿದ್ದರೆ ಸಾಕು.

ಹಳೆಯ ಸೂಟ್‌ಗಳಿಗೆ ಬರುವ ಕಾಯಿಲೆ ಎಲ್ಲ ಕಡೆಯೂ ಒಂದೇ ಥರ. ಆರೇಳು ಟೆಸ್ಟ್‌ಗಳು ಆಗಾಗ ಕೆಂಪಾಗುತ್ತವೆ. ಇನ್ನೊಂದು ಸಲ ಓಡಿಸಿದರೆ ಹಸಿರಾಗುತ್ತವೆ. ‘ಅದು ಹಾಗೇ, ಇನ್ನೊಂದು ಸಲ ಒತ್ತಿ’ ಎಂದು ಹಳಬರು ಹೊಸಬರಿಗೆ ಹೇಳಿಕೊಡುತ್ತಾರೆ. ಅಲ್ಲಿಗೆ ಸೂಟ್ ಸತ್ತ ಹಾಗೆ. ಯಾಕೆಂದರೆ ಮುಂದಿನ ಸಲ ನಿಜವಾದ ತಪ್ಪಿಗೆ ಕೆಂಪು ಬಂದರೂ ಜನ ಇನ್ನೊಂದು ಸಲ ಒತ್ತುತ್ತಾರೆ. ಕೆಂಪು ಬಂದಾಗ ಕೆಲಸ ನಿಲ್ಲಿಸಿ ನೋಡುವಷ್ಟು ನಂಬಿಕೆ ಇರಬೇಕು. ಸೂಟ್ ಆಧುನಿಕ ಮಾಡುವುದು ಎಂದರೆ ನನಗೆ ಮೊದಲು ಅದು. ಉಳಿದದ್ದೆಲ್ಲ ಆಮೇಲೆ.

ಆದರೆ ಸಾಮಾನ್ಯವಾಗಿ ಜನ ಶುರು ಮಾಡುವುದು ಎಲ್ಲಿಂದ ಗೊತ್ತಾ? ಬರಹದ ಶೈಲಿಯಿಂದ. ಅದಕ್ಕೆ ಕಾರಣವೂ ಇದೆ. ರೂಬಿಯ ಟೆಸ್ಟ್‌ಗಳಲ್ಲಿ ಕಾಲದ ಪದರಗಳು ಕಣ್ಣಿಗೆ ಕಾಣುತ್ತವೆ. ಮಾಟ್ಸುಮೊಟೊ ಅವರು ರೂಬಿಯನ್ನು 1995ರಲ್ಲಿ ಹೊರಗೆ ತಂದರು. ರೂಬಿ 1.8 ಆವೃತ್ತಿಯ ಕಾಲದಲ್ಲಿ ಟೆಸ್ಟ್ ಯೂನಿಟ್ ಎಂಬ ಟೆಸ್ಟ್ ಬರೆಯುವ ಉಪಕರಣ ಭಾಷೆಯ ಜೊತೆಗೇ ಬರುತ್ತಿತ್ತು. 1.9ರ ಹೊತ್ತಿಗೆ ಆ ಜಾಗಕ್ಕೆ ರಯಾನ್ ಡೇವಿಸ್ ಅವರ ಮಿನಿಟೆಸ್ಟ್ ಬಂತು. 2014ರ ಕೊನೆಗೆ ಬಂದ 2.2ರಲ್ಲಿ ಎರಡೂ ಬೇರೆ ಜೆಮ್‌ಗಳಾದವು, ಅಂದರೆ ರೂಬಿಗೆ ಬೇರೆಯಾಗಿ ಸೇರಿಸಿಕೊಳ್ಳುವ ಕೋಡ್ ಕಟ್ಟುಗಳಾದವು. ಇನ್ನೊಂದು ಕಡೆ 2005ರ ಸುಮಾರಿಗೆ ಹುಟ್ಟಿದ ಆರ್‌ಸ್ಪೆಕ್ ಎಂಬ ಇನ್ನೊಂದು ಟೆಸ್ಟ್ ಉಪಕರಣ ತನ್ನದೇ ದಾರಿಯಲ್ಲಿ ಬೆಳೆಯಿತು. ಅದರಲ್ಲಿ ಮೊದಲು ‘ಶುಡ್’ ಎಂದು ಬರೆಯುತ್ತಿದ್ದರು. 2012ರಲ್ಲಿ ‘ಎಕ್ಸ್‌ಪೆಕ್ಟ್’ ಬಂತು. 2014ರಲ್ಲಿ ಬಂದ ಆರ್‌ಸ್ಪೆಕ್ 3ರಿಂದ ಎಲ್ಲರೂ ಅದನ್ನೇ ಹಿಡಿದರು. ನಮ್ಮ ಫೋಲ್ಡರಿನಲ್ಲಿ ಇವೆಲ್ಲ ಇದ್ದವು. ಒಂದು ಫೈಲ್ ತೆರೆದರೆ ಒಂದು ಕಾಲ, ಇನ್ನೊಂದು ತೆರೆದರೆ ಇನ್ನೊಂದು ಕಾಲ.

ಇದನ್ನು ನೋಡಿದಾಗ ಎಲ್ಲವನ್ನೂ ಒಂದೇ ಥರ ಬರೆದುಬಿಡೋಣ ಅನಿಸುತ್ತದೆ. ತಪ್ಪೇನಿಲ್ಲ. ಆದರೆ ಅದು ಕೊನೆಯ ಕೆಲಸ. ಆಗಾಗ ಸುಮ್ಮಸುಮ್ನೆ ಕೆಂಪಾಗುವ ಟೆಸ್ಟನ್ನು ಚೆಂದದ ಹೊಸ ಶೈಲಿಯಲ್ಲಿ ಬರೆದರೂ ಅದು ಆಗಾಗ ಸುಮ್ಮಸುಮ್ನೆ ಕೆಂಪಾಗುತ್ತದೆ.

ಹಾಗಾದರೆ ಮೊದಲು ಏನು? ಸರದಿ ಕಲಸಿ. ಮಿನಿಟೆಸ್ಟ್ ತಾನಾಗಿಯೇ ಟೆಸ್ಟ್‌ಗಳನ್ನು ಪ್ರತಿ ಸಲ ಬೇರೆ ಬೇರೆ ಸರದಿಯಲ್ಲಿ ಓಡಿಸುತ್ತದೆ. ಆರ್‌ಸ್ಪೆಕ್‌ಗೆ ಹಾಗೆ ಮಾಡು ಎಂದು ನಾವು ಹೇಳಬೇಕು. ಟೆಸ್ಟ್ ಯೂನಿಟ್ ಅಕ್ಷರಮಾಲೆಯ ಸರದಿಯಲ್ಲಿ ಓಡಿಸುತ್ತದೆ. ಹಳೆಯ ಸೂಟಿಗೆ ಸರದಿ ಕಲಸಿದ ದಿನ ಕೆಂಪು ಸುರಿಯುತ್ತದೆ. ಹೆದರಬೇಡಿ. ಒಂದು ಟೆಸ್ಟ್ ಇಟ್ಟುಹೋದ ಗುಟ್ಟಿನ ಸಾಮಾನನ್ನು ಇನ್ನೊಂದು ಟೆಸ್ಟ್ ಬಳಸುತ್ತಿತ್ತು ಎಂದು ಅದರ ಅರ್ಥ. ಎಲ್ಲೋ ಒಂದು ಕಡೆ ದಿನಗೂಲಿಯ ದರವನ್ನು ಎಲ್ಲ ಟೆಸ್ಟ್‌ಗಳಿಗೂ ಕಾಣುವ ಗ್ಲೋಬಲ್ ಜಾಗದಲ್ಲಿ ಬದಲಿಸಿ ವಾಪಸ್ ಇಡದೆ ಹೋಗಿರುತ್ತಾರೆ. ಅದರ ನಂತರ ಬಂದ ಟೆಸ್ಟ್ ಆ ದರವನ್ನೇ ನಂಬಿ ಹಸಿರಾಗಿರುತ್ತದೆ.

ಪ್ರತಿ ಓಟಕ್ಕೂ ಒಂದು ಸೀಡ್ ಸಂಖ್ಯೆ ತೋರಿಸುತ್ತದೆ. ಅದೇ ಸಂಖ್ಯೆ ಕೊಟ್ಟರೆ ಅದೇ ಸರದಿ ಮತ್ತೆ ಸಿಗುತ್ತದೆ. ಆ ಸಂಖ್ಯೆಯನ್ನು ದಾಖಲೆಯಲ್ಲಿ ಉಳಿಸಿಕೊಳ್ಳಿ. ಆಮೇಲೆ ಯಾವ ಟೆಸ್ಟ್ ಯಾವುದನ್ನು ಕೆಡಿಸುತ್ತಿದೆ ಎಂದು ಹುಡುಕಲು ಬೈಸೆಕ್ಟ್ ಇದೆ. ಆರ್‌ಸ್ಪೆಕ್‌ನಲ್ಲಿ 2015ರಿಂದ, ಅಂದರೆ 3.3ರಿಂದ, ಅದು ಒಳಗೇ ಬರುತ್ತದೆ. ಮಿನಿಟೆಸ್ಟಿಗೆ ಬೇರೆ ಜೆಮ್ ಇದೆ. ಅದು ಟೆಸ್ಟ್‌ಗಳ ಗುಂಪನ್ನು ಒಡೆದು ಒಡೆದು ಓಡಿಸಿ ಕೊನೆಗೆ ‘ಈ ಎರಡು ಒಟ್ಟಿಗೆ ಓಡಿದರೆ ಮಾತ್ರ ಕೆಂಪು’ ಎಂದು ತೋರಿಸುತ್ತದೆ. ಕೈಯಲ್ಲಿ ಹುಡುಕಿದರೆ ದಿನಗಟ್ಟಲೆ ಹಿಡಿಯುವ ಕೆಲಸ ಇದು. ಈ ಉಪಕರಣ ಬರೆದವರಿಗೆ ನಾನು ನಿಜವಾಗಿ ಋಣಿ.

ಎರಡನೆಯದು ಸಮಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ. ನಮ್ಮ ದೇಶದಲ್ಲಿ ಕೂತು ಕೋಡ್ ಬರೆಯುವವರಿಗೆ ಇದು ತುಂಬಾ ಮುಖ್ಯ.

ನಮ್ಮ ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿರುತ್ತದೆ. ಟೆಸ್ಟ್ ಓಡಿಸುವ ಸರ್ವರ್ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಮೂಲ ಸಮಯದಲ್ಲಿರುತ್ತದೆ. ನಡುವೆ 5 ಗಂಟೆ 30 ನಿಮಿಷದ ಅಂತರ. ನಮ್ಮಲ್ಲಿ ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗೆ ಸರ್ವರಿನಲ್ಲಿ ಇನ್ನೂ ನಿನ್ನೆಯೇ ಇರುತ್ತದೆ. ರೂಬಿಯ ಡೇಟ್ ಡಾಟ್ ಟುಡೇ ಕೇಳಿದರೆ ಅದು ಯಂತ್ರದ ತಾರೀಕು ಹೇಳುತ್ತದೆ. ರೈಲ್ಸ್‌ನ ಡೇಟ್ ಡಾಟ್ ಕರೆಂಟ್ ಕೇಳಿದರೆ ಪ್ರೋಗ್ರಾಮಿಗೆ ನಾವು ಹೇಳಿಕೊಟ್ಟ ಸಮಯವಲಯದ ತಾರೀಕು ಹೇಳುತ್ತದೆ. ಒಂದು ಫೈಲಿನಲ್ಲಿ ಅದು, ಇನ್ನೊಂದರಲ್ಲಿ ಇದು ಇದ್ದರೆ ದಿನದಲ್ಲಿ ಐದೂವರೆ ಗಂಟೆ ಎರಡಕ್ಕೂ ಜಗಳ.

ನಮ್ಮ ಸೂಟಿನಲ್ಲಿ ಬಟವಾಡೆ ವಾರದ ಟೆಸ್ಟ್ ಒಂದಿತ್ತು. ಹಗಲು ಯಾವಾಗಲೂ ಹಸಿರು. ರಾತ್ರಿ ತಡವಾಗಿ ಓಡಿದರೆ ಕೆಲವೊಮ್ಮೆ ಕೆಂಪು. ‘ಆಗಾಗ ಕೆಡುವ ಟೆಸ್ಟ್’ ಎಂಬ ಪಟ್ಟಿಯಲ್ಲಿ ಅದರ ಹೆಸರೂ ಇತ್ತು. ಕೂತು ನೋಡಿದರೆ ಟೆಸ್ಟ್ ಹೇಳುತ್ತಿದ್ದದ್ದು ಸರಿಯಾಗಿತ್ತು. ಕೊಯ್ಲಿನ ಕಾಲದಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಕೆಲವು ದಿನ ಹನ್ನೆರಡು ಗಂಟೆ ದಾಟಿದ ಮೇಲೂ ಲೆಕ್ಕ ಹಾಕುತ್ತಾರೆ. ಶನಿವಾರ ರಾತ್ರಿ ಹನ್ನೆರಡೂವರೆಗೆ ಒಂದು ನಮೂದು ಹಾಕಿದರು ಎನ್ನಿ. ನಮ್ಮ ಲೆಕ್ಕದಲ್ಲಿ ಅದು ಭಾನುವಾರ. ಸರ್ವರಿಗೆ ಅದು ಶನಿವಾರ ಸಂಜೆ 7 ಗಂಟೆ. ತಾರೀಕು ತಪ್ಪಿದರೆ ಆ ನಮೂದು ಬೇರೆ ವಾರದ ಬಟವಾಡೆಗೆ ಹೋಗುತ್ತದೆ. ಯಾರದೋ ದುಡ್ಡು ಒಂದು ವಾರ ತಡವಾಗುತ್ತದೆ. ಜನ ‘ಕೆಟ್ಟ ಟೆಸ್ಟ್’ ಎಂದು ಪಕ್ಕಕ್ಕಿಟ್ಟಿದ್ದ ಟೆಸ್ಟ್ ಇಷ್ಟು ಮುಖ್ಯವಾದ ವಿಷಯ ಹೇಳುತ್ತಿತ್ತು.

ಅದಕ್ಕೇ ಆಗಾಗ ಕೆಡುವ ಟೆಸ್ಟನ್ನು ಅಳಿಸುವ ಮೊದಲು ಒಂದು ಪ್ರಶ್ನೆ ಕೇಳಬೇಕು. ಕೆಟ್ಟಿರುವುದು ಟೆಸ್ಟಾ, ಪ್ರೋಗ್ರಾಮಾ? ಎಷ್ಟೋ ಸಲ ಉತ್ತರ ಎರಡನೆಯದು.

ರಿಪೇರಿ ಕಷ್ಟವಲ್ಲ. ರೈಲ್ಸ್ 4.1ರಿಂದ ಟ್ರಾವೆಲ್ ಟು ಇದೆ. ಟೆಸ್ಟಿನ ಒಳಗೆ ‘ಈಗ ಇಷ್ಟು ಗಂಟೆ’ ಎಂದು ನಾವೇ ತೀರ್ಮಾನಿಸಬಹುದು. ರೈಲ್ಸ್ ಇಲ್ಲದ ಕಡೆ ಟೈಮ್‌ಕಾಪ್ ಜೆಮ್ ಇದೆ. ನಾವು ಇಷ್ಟಕ್ಕೇ ಬಿಡಲಿಲ್ಲ. ಇಡೀ ಸೂಟನ್ನು ಒಂದು ಸಲ ಯುಟಿಸಿಯಲ್ಲಿ, ಇನ್ನೊಂದು ಸಲ ಭಾರತದ ಸಮಯದಲ್ಲಿ ಓಡಿಸುವ ಏರ್ಪಾಡು ಮಾಡಿದೆವು. ಜೊತೆಗೆ ಮೂರು ಗಡಿಗಳಿಗೆ ಬೇರೆ ಟೆಸ್ಟ್ ಬರೆದೆವು. ಮಧ್ಯರಾತ್ರಿ, ವಾರದ ಕೊನೆ, ಮಾರ್ಚ್ 31. ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಬದಲಾಗುವ ನಮ್ಮ ದೇಶದಲ್ಲಿ ಜನವರಿ 1ನ್ನು ಮಾತ್ರ ಪರೀಕ್ಷಿಸುವ ಸೂಟ್ ಸಾಲದು.

ಮೂರನೆಯದನ್ನು ಬೇಗ ಹೇಳಿಬಿಡುತ್ತೇನೆ. ಟೆಸ್ಟ್ ಓಡಲು ಇಂಟರ್‌ನೆಟ್ ಬೇಕಾಗಬಾರದು. ಜುಲೈ ತಿಂಗಳಲ್ಲಿ ಇಲ್ಲಿ ಮಳೆ ಹಿಡಿದರೆ ಕರೆಂಟು, ನೆಟ್ ಎರಡೂ ಯಾವಾಗ ಹೋಗುತ್ತವೆ ಎಂದು ಹೇಳಲಾಗದು, ಅಲ್ವಾ? ನಮಗೆ ಟೆಸ್ಟ್ ಕೆಲಸಕ್ಕೆ ಬಿಡುವು ಸಿಗುವುದೂ ಅದೇ ಮಳೆಗಾಲದಲ್ಲಿ. ನವೆಂಬರಿನಿಂದ ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ. ಕೊಯ್ಲು ಮುಗಿಯುವ ತನಕ ಬಟವಾಡೆ ಕೋಡನ್ನು ಮುಟ್ಟುವುದಿಲ್ಲ ಎಂದು ತೋಟದವರಿಗೆ ಮಾತು ಕೊಟ್ಟಿದ್ದೇವೆ. ಹಾಗಾಗಿ ವೆಬ್‌ಮಾಕ್ ಎಂಬ ಜೆಮ್ ಹಾಕಿ ಹೊರಗಿನ ಎಲ್ಲ ಕರೆಗಳನ್ನೂ ಮುಚ್ಚಿದೆವು. ಎಸ್‌ಎಂಎಸ್ ಕಳಿಸುವ ಸೇವೆಯ ಉತ್ತರವನ್ನು ವಿಸಿಆರ್ ಎಂಬ ಇನ್ನೊಂದು ಜೆಮ್‌ನಲ್ಲಿ ಒಮ್ಮೆ ರೆಕಾರ್ಡ್ ಮಾಡಿಟ್ಟೆವು. ರೆಕಾರ್ಡ್ ಮಾಡುವಾಗ ಪಾಸ್‌ವರ್ಡ್, ಫೋನ್ ನಂಬರ್ ಫೈಲಿನಲ್ಲಿ ಉಳಿಯದಂತೆ ನೋಡಿಕೊಳ್ಳಿ. ವಿಸಿಆರ್‌ನಲ್ಲಿ ಅದಕ್ಕೆ ಫಿಲ್ಟರ್ ಇದೆ.

ಈಗ ನನಗೆ ಇಷ್ಟವಾದ ವಿಷಯ. ಟೆಸ್ಟಿನ ಒಳಗಿನ ಮಾದರಿ ಹೆಸರುಗಳು.

ನಮ್ಮ ಹಳೆಯ ಸೂಟಿನಲ್ಲಿದ್ದ ಕೆಲಸಗಾರರೆಲ್ಲ ‘ಜಾನ್’, ‘ಟೆಸ್ಟ್ ಯೂಸರ್ 1’, ‘ಟೆಸ್ಟ್ ಯೂಸರ್ 2’. ನಿಜವಾದ ಚೆಕ್‌ರೋಲಿನಲ್ಲಿ ಇರುವವರು ಲಕ್ಷ್ಮಮ್ಮ, ಗೋಪಾಲ, ಅಸ್ಸಾಮಿನಿಂದ ಬಂದ ಹುಡುಗರು. ಒಂದೇ ಲೈನ್ ಮನೆಗಳ ಸಾಲಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುತ್ತಾರೆ. ಇಂಗ್ಲಿಷ್ ಹೆಸರಿನ ಟೆಸ್ಟ್‌ಗಳು ಸಾವಿರ ಇದ್ದರೂ ಈ ಜನರ ಬಗ್ಗೆ ಅವು ಏನನ್ನೂ ಹೇಳಿರಲಿಲ್ಲ.

ಕನ್ನಡ ಹೆಸರು ಹಾಕಿದ ಕೂಡಲೇ ಹೊಸ ಪ್ರಶ್ನೆಗಳು ಎದ್ದವು. ‘ಗೋಪಾಲ’ ಎಂಬ ಹೆಸರನ್ನೇ ನೋಡಿ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ‘ಗೋ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಅದನ್ನೇ ಮೂರು ಚೂರಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ರೂಬಿಗೆ ಮೊದಲನೆಯದರ ಉದ್ದ 5, ಎರಡನೆಯದರ ಉದ್ದ 7. ಹೋಲಿಸಿದರೆ ಬೇರೆ ಬೇರೆ ಎನ್ನುತ್ತದೆ. ಹಳೆಯ ಫೈಲುಗಳನ್ನು ಯೂನಿಕೋಡಿಗೆ ತಂದಾಗ ಎರಡೂ ರೂಪ ಬೆರೆತು ಬರಬಹುದು. ಆಗ ಒಬ್ಬನೇ ಗೋಪಾಲ ಚೆಕ್‌ರೋಲಿನಲ್ಲಿ ಇಬ್ಬರಾಗುತ್ತಾನೆ. ಮೂರು ದಿನದ ಕೂಲಿ ಒಂದು ಸಾಲಿನಲ್ಲಿ, ಮೂರು ದಿನದ್ದು ಇನ್ನೊಂದರಲ್ಲಿ. ರೂಬಿ 2.2ರಿಂದ ಯೂನಿಕೋಡ್ ನಾರ್ಮಲೈಸ್ ಎಂಬ ಸೌಲಭ್ಯ ಒಳಗೇ ಇದೆ. ಹೆಸರು ಉಳಿಸುವ ಮೊದಲು ಅದನ್ನು ಕರೆದರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ.

ಅಷ್ಟಕ್ಕೇ ಮುಗಿಯುವುದಿಲ್ಲ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಅದು ಇಲ್ಲದಿದ್ದರೆ ‘ರಾಜ್ಕುಮಾರ್’ ಎಂದು ಒತ್ತಕ್ಷರ ಆಗುತ್ತದೆ. ನಾರ್ಮಲೈಸ್ ಮಾಡಿದರೂ ಆ ಗುರುತು ಹೋಗುವುದಿಲ್ಲ. ಹುಡುಕುವಾಗ ಅದನ್ನು ಬಿಟ್ಟು ಹುಡುಕಬೇಕು, ತೋರಿಸುವಾಗ ಇಟ್ಟುಕೊಳ್ಳಬೇಕು. ಇನ್ನು ಹೆಸರಿನ ಉದ್ದಕ್ಕೆ ಮಿತಿ ಹಾಕುವವರು ನೆನಪಿಡಿ. ‘ಚಿಕ್ಕಮಗಳೂರು’ ಎಂದರೆ ರೂಬಿಗೆ 11 ಸಂಕೇತ, 33 ಬೈಟ್. ‘ಕ್ಷ’ ಒಂದೇ ಅಕ್ಷರ ಎಂದು ನಮಗೆ ಅನಿಸಿದರೂ ಅದಕ್ಕೆ 3 ಸಂಕೇತ. ಚೀಟಿಯಲ್ಲಿ ಜಾಗ ಸಾಲದೆಂದು ಮೊದಲ ಇಷ್ಟು ಸಂಕೇತ ಮಾತ್ರ ಕತ್ತರಿಸಿದರೆ ಹೆಸರು ಅರ್ಧಾಕ್ಷರದಲ್ಲಿ ನಿಂತುಬಿಡುತ್ತದೆ. ಇವೆಲ್ಲ ಈಗ ನಮ್ಮ ಸೂಟಿನಲ್ಲಿ ಟೆಸ್ಟ್‌ಗಳಾಗಿವೆ. ನಮ್ಮ ಊರಿನ ಹೆಸರುಗಳನ್ನು ನಾವೇ ಪರೀಕ್ಷಿಸದಿದ್ದರೆ ಬೇರೆ ಯಾರು ಪರೀಕ್ಷಿಸುತ್ತಾರೆ?

ಸರಿ, ಈಗ ರೂಬಿಯನ್ನೇ ಹೊಸದು ಮಾಡುವ ವಿಷಯ. ಪ್ರತಿ ವರ್ಷ ಡಿಸೆಂಬರ್ 25ಕ್ಕೆ ಹೊಸ ರೂಬಿ ಬರುತ್ತದೆ. ಹಳೆಯ ಸೂಟಿನ ನಿಜವಾದ ಬೆಲೆ ಗೊತ್ತಾಗುವುದು ಆಗಲೇ. ಒಂದು ಮಾತು ಹಲವರಿಗೆ ಗೊತ್ತಿಲ್ಲ. ‘ಈ ಸೌಲಭ್ಯ ಮುಂದೆ ತೆಗೆಯುತ್ತೇವೆ’ ಎಂಬ ಎಚ್ಚರಿಕೆಗಳು ರೂಬಿ 2.7.2ರಿಂದ ತಾವಾಗಿ ಕಾಣಿಸುವುದಿಲ್ಲ. ನಾವೇ ಆನ್ ಮಾಡಬೇಕು. ಟೆಸ್ಟ್ ಓಡಿಸುವಾಗ ಖಂಡಿತ ಆನ್ ಮಾಡಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಮ್ಮ ಸ್ವಂತ ಕೋಡಿನಿಂದ ಎಚ್ಚರಿಕೆ ಬಂದರೆ ಟೆಸ್ಟ್ ಕೆಂಪಾಗುವ ಹಾಗೆ ಮಾಡಿ. ಜೆಮ್‌ಗಳಿಂದ ಬಂದದ್ದನ್ನು ಒಂದು ಪಟ್ಟಿಯಲ್ಲಿಟ್ಟು ನಿಧಾನವಾಗಿ ತೀರಿಸಬಹುದು.

ಯಾವ ಯಾವ ಆವೃತ್ತಿಯಲ್ಲಿ ಏನು ಕೆಡುತ್ತದೆ ಎಂದು ಕೆಲವು ಹೇಳುತ್ತೇನೆ. 2.7ರ ಹೊತ್ತಿಗೆ, ದಶಾಂಶ ಸಂಖ್ಯೆಗಳನ್ನು ನಿಖರವಾಗಿ ಇಡುವ ಬಿಗ್‌ಡೆಸಿಮಲ್‌ನ ‘ಬಿಗ್‌ಡೆಸಿಮಲ್ ಡಾಟ್ ನ್ಯೂ’ ಹೋಯಿತು. ದುಡ್ಡಿನ ಲೆಕ್ಕ ಇರುವ ಹಳೆಯ ಪ್ರೋಗ್ರಾಮಿನಲ್ಲಿ ಇದು ಎಲ್ಲ ಕಡೆ ಇರುತ್ತದೆ. 2020ರ 3.0ರಲ್ಲಿ ಹೆಸರು ಹೇಳಿ ಕೊಡುವ ಕೀವರ್ಡ್ ಆರ್ಗ್ಯುಮೆಂಟ್‌ಗಳು, ಹೆಸರು-ಮೌಲ್ಯಗಳ ಜೋಡಿ ಇಡುವ ಹ್ಯಾಶ್‌ನಿಂದ ಪೂರ್ತಿ ಬೇರೆಯಾದವು. 2021ರ 3.1ರ ಜೊತೆ ಬಂದ, ಯಾಮಲ್ ಎಂಬ ಬಗೆಯ ಫೈಲು ಓದುವ ಸೈಕ್ 4ರಲ್ಲಿ ಯಾಮಲ್ ಲೋಡ್ ಸುರಕ್ಷಿತ ರೀತಿಗೆ ಬದಲಾಯಿತು. ತಾರೀಕು ಇರುವ ಯಾಮಲ್ ಫೈಲುಗಳನ್ನು ಅದು ಓದಲು ಒಪ್ಪುವುದಿಲ್ಲ. 3.2ರಲ್ಲಿ ಫಿಕ್ಸ್‌ನಮ್ ಎಂಬ ಹೆಸರೂ, ಫೈಲ್ ಡಾಟ್ ಎಕ್ಸಿಸ್ಟ್ಸ್ ಕೂಡ ಹೋದವು. 3.4ರಲ್ಲಿ ಸಿಎಸ್‌ವಿ, ಬಿಗ್‌ಡೆಸಿಮಲ್, ಬೇಸ್64 ಇವು ಬಂಡಲ್ ಮಾಡಿದ ಜೆಮ್‌ಗಳಾದವು. ಬೇಕಾದ ಜೆಮ್‌ಗಳ ಪಟ್ಟಿಯಾದ ಜೆಮ್‌ಫೈಲಿನಲ್ಲಿ ಹೆಸರು ಬರೆಯದಿದ್ದರೆ ಸಿಗುವುದಿಲ್ಲ.

3.4ರ ಇನ್ನೊಂದು ಬದಲಾವಣೆ ಟೆಸ್ಟ್ ಬರೆಯುವವರಿಗೆ ಒಳ್ಳೆಯ ಪಾಠ. ಹ್ಯಾಶನ್ನು ತೆರೆದು ತೋರಿಸಿದರೆ ಹಿಂದೆ ಬಾಣದ ಗುರುತು ಬರುತ್ತಿತ್ತು. ಈಗ ಸಿಂಬಲ್ ಕೀ ಇದ್ದರೆ ಕೋಲನ್ ಬರುತ್ತದೆ. ದೋಷದ ಸಂದೇಶಗಳಲ್ಲಿ ಇದ್ದ ಬ್ಯಾಕ್‌ಟಿಕ್ ಹೋಗಿ ಸಾದಾ ಉದ್ಧರಣ ಚಿಹ್ನೆ ಬಂತು. ಪ್ರೋಗ್ರಾಮಿನಲ್ಲಿ ಏನೂ ಕೆಟ್ಟಿರುವುದಿಲ್ಲ. ಆದರೆ ಸಂದೇಶವನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವ ಟೆಸ್ಟ್‌ಗಳೆಲ್ಲ ಕೆಂಪಾಗುತ್ತವೆ. ಆ ಟೆಸ್ಟ್ ಬರೆದವರಿಗೆ ಬೇಕಾಗಿದ್ದದ್ದು ‘ತೂಕ ಇಲ್ಲದೆ ನಮೂದು ಹಾಕಿದರೆ ದೋಷ ಬರಬೇಕು’ ಎಂಬುದು. ಅವರು ಪರೀಕ್ಷಿಸಿದ್ದು ರೂಬಿ ಯಾವ ಚಿಹ್ನೆ ಬಳಸುತ್ತದೆ ಎಂಬುದನ್ನು. ಇಂಥ ಕಡೆ ಹೊಸ ಚಿಹ್ನೆ ಹಾಕಿ ಮುಂದೆ ಹೋಗಬೇಡಿ. ದೋಷದ ಬಗೆಯನ್ನು ಪರೀಕ್ಷಿಸುವ ಹಾಗೆ ಬರೆಯಿರಿ. ನಮ್ಮದೇ ಸಂದೇಶ ಆಗಿದ್ದರೆ ಮಾತ್ರ ಅದರ ಪದಗಳನ್ನು ನೋಡಿ.

ಇದಕ್ಕೆ ಉಲ್ಟಾ ಅಪಾಯವೂ ಇದೆ. ಅದು ಇನ್ನೂ ದೊಡ್ಡದು. ಕೆಂಪಾಗಬೇಕಾದಲ್ಲಿ ಹಸಿರಾಗಿಯೇ ಇರುವ ಟೆಸ್ಟ್. ಹಳೆಯ ಸೂಟಿನಲ್ಲಿ ಮಾಕ್‌ಗಳು, ಅಂದರೆ ನಿಜವಾದ ಕೋಡಿನ ಬದಲು ನಿಲ್ಲಿಸುವ ನಕಲಿಗಳು, ಜಾಸ್ತಿ ಇದ್ದರೆ ಹೀಗಾಗುತ್ತದೆ. ಸಾದಾ ಮಾಕ್ ಯಾವ ಹೆಸರಿನ ಮೆಥಡ್ ಬೇಕಾದರೂ ಇದೆ ಎನ್ನುತ್ತದೆ. ನಿಜವಾದ ಕ್ಲಾಸಿನಲ್ಲಿ ಆ ಮೆಥಡ್ ಹೋಗಿ ಎರಡು ವರ್ಷ ಆಗಿರುತ್ತದೆ, ಟೆಸ್ಟ್ ಇನ್ನೂ ಹಸಿರು. ಆರ್‌ಸ್ಪೆಕ್ 3ರಲ್ಲಿ ಬಂದ ಇನ್‌ಸ್ಟನ್ಸ್ ಡಬಲ್ ನಿಜವಾದ ಕ್ಲಾಸನ್ನು ನೋಡಿ ಹೊಂದಿಸುತ್ತದೆ. ಮೆಥಡ್ ಇಲ್ಲದಿದ್ದರೆ, ಆರ್ಗ್ಯುಮೆಂಟ್ ಹೊಂದದಿದ್ದರೆ ಅಲ್ಲೇ ಹೇಳುತ್ತದೆ. ಹಳೆಯ ಸಾದಾ ಮಾಕ್‌ಗಳನ್ನು ಇದಕ್ಕೆ ಬದಲಿಸುವುದೇ ನನ್ನ ಪ್ರಕಾರ ಶೈಲಿ ಬದಲಾವಣೆಗಿಂತ ಹತ್ತು ಪಟ್ಟು ಬೆಲೆಯ ಕೆಲಸ.

ಶೈಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರ್‌ಸ್ಪೆಕ್ 2ರಿಂದ 3ಕ್ಕೆ ಬರಲು ಟ್ರಾನ್ಸ್‌ಪೆಕ್ ಎಂಬ ಉಪಕರಣ ಇದೆ. ಮಿನಿಟೆಸ್ಟ್, ಆರ್‌ಸ್ಪೆಕ್ ಎರಡಕ್ಕೂ ಬರಹದ ಶೈಲಿ ನೋಡುವ ರೂಬೊಕಾಪ್ ಉಪಕರಣದ ನಿಯಮಗಳಿವೆ, ಬಹಳಷ್ಟನ್ನು ತಾವೇ ತಿದ್ದುತ್ತವೆ. ಯಂತ್ರ ತಿದ್ದಿದ ಕಮಿಟ್ (ಒಮ್ಮೆಗೆ ದಾಖಲಿಸುವ ಬದಲಾವಣೆ) ಬೇರೆ ಇರಲಿ, ಕೈಯಲ್ಲಿ ತಿದ್ದಿದ್ದು ಬೇರೆ ಇರಲಿ. ಕೋಡಿನ ಬದಲಾವಣೆಗಳ ಚರಿತ್ರೆ ಇಡುವ ಗಿಟ್‌ನಲ್ಲಿ 2.23ರಿಂದ, ಇಂಥ ಕಮಿಟ್‌ಗಳನ್ನು ಬಿಟ್ಟು ಬ್ಲೇಮ್ (ಯಾವ ಸಾಲು ಯಾರದು ಎಂಬ ವಿವರ) ತೋರಿಸು ಎಂದು ಹೇಳಬಹುದು. ಹಾಗೆ ಮಾಡಿದರೆ ಮೂಲ ಸಾಲನ್ನು ಯಾರು, ಯಾವಾಗ, ಯಾಕೆ ಬರೆದರು ಎಂಬ ಮಾಹಿತಿ ಕಳೆದುಹೋಗುವುದಿಲ್ಲ. ಮತ್ತೊಂದು ಮಾತು. ಟೆಸ್ಟ್ ತಿದ್ದುವ ಕಮಿಟ್‌ನಲ್ಲಿ ಪ್ರೋಗ್ರಾಮಿನ ಕೋಡ್ ಮುಟ್ಟಬೇಡಿ. ಕೋಡ್ ತಿದ್ದುವ ಕಮಿಟ್‌ನಲ್ಲಿ ಹಳೆಯ ಟೆಸ್ಟ್ ಮುಟ್ಟಬೇಡಿ. ಎರಡೂ ಒಟ್ಟಿಗೆ ಅಲುಗಾಡಿದರೆ ಯಾವುದನ್ನು ಯಾವುದರಿಂದ ಅಳೆಯುತ್ತೀರಿ?

ಯಾಕೆ ಬರೆದರು ಎಂಬ ಮಾಹಿತಿ ಬೇಕು ಎಂದೆ. ಅದಕ್ಕೊಂದು ಕಾರಣ ಹೇಳುತ್ತೇನೆ.

ಸೂಟ್ ಸಣ್ಣದು ಮಾಡೋಣ, ಬೇಡದ ಟೆಸ್ಟ್ ಅಳಿಸೋಣ ಎಂದು ಕೂತಾಗ ಒಂದು ಟೆಸ್ಟ್ ಸಿಕ್ಕಿತು. ಅದರ ಹೆಸರಿನಲ್ಲಿ ‘ಅರ್ಧದ ಮಿತಿ’ ಎಂದಷ್ಟೇ ಇತ್ತು. ಒಳಗೆ ನೋಡಿದರೆ, ಕೆಲಸಗಾರರ ಮುಂಗಡ ಎಷ್ಟೇ ಬಾಕಿ ಇರಲಿ, ಆ ವಾರದ ಕಡಿತ ಕೂಲಿಯ ಅರ್ಧವನ್ನು ದಾಟಬಾರದು. ಕೋಡಿನಲ್ಲಿ ಈ ನಿಯಮ ಒಂದು ವಿಚಿತ್ರ ಸಾಲಾಗಿ ಕೂತಿತ್ತು. ಕಾರಣ ಎಲ್ಲೂ ಬರೆದಿರಲಿಲ್ಲ. ನಮ್ಮಲ್ಲಿ ಒಬ್ಬರು ಆ ಸಾಲನ್ನೂ ಟೆಸ್ಟನ್ನೂ ಸೇರಿಸಿ ತೆಗೆಯೋಣ ಎಂದರು. ತೆಗೆಯುವ ಮೊದಲು, ತುಂಬಾ ವರ್ಷ ಕೆಲಸ ಮಾಡಿದ ರೈಟರ್ ಒಬ್ಬರನ್ನು ಕೇಳಿದೆವು. ‘ತೆಗೀಬೇಡಿ ಸಾರ್. ಬಾಕಿ ಎಲ್ಲ ಒಂದೇ ವಾರ ಮುರ್ಕೊಂಡ್ರೆ ಅವ್ರು ಸಂತೆಗೆ ಏನ್ ತಗೊಂಡ್ ಹೋಗ್ತಾರೆ?’ ಎಂದರು. ಕಾನೂನಿನಲ್ಲೂ ಇದು ಇದೆ. 1936ರ ವೇತನ ಪಾವತಿ ಕಾಯ್ದೆ ಒಟ್ಟು ಕಡಿತಕ್ಕೆ ಮಿತಿ ಹಾಕಿತ್ತು. ಸಹಕಾರ ಸಂಘದ ಬಾಕಿ ಇದ್ದರೆ ನೂರಕ್ಕೆ 75, ಉಳಿದಂತೆ ನೂರಕ್ಕೆ 50. 2019ರ ವೇತನ ಸಂಹಿತೆಯಲ್ಲೂ ಅರ್ಧದ ಮಿತಿ ಇದೆ. ಆ ಒಂದು ಟೆಸ್ಟ್ ಇಲ್ಲದಿದ್ದರೆ ಆ ಸಾಲನ್ನು ಯಾವತ್ತೋ ಯಾರೋ ‘ಸ್ವಚ್ಛ’ ಮಾಡಿರುತ್ತಿದ್ದರು.

ಅಂದಿನಿಂದ ನಾವು ಎರಡು ಕೆಲಸ ಮಾಡುತ್ತಿದ್ದೇವೆ. ಒಂದು, ಟೆಸ್ಟ್ ಅಳಿಸುವಾಗ ಕಮಿಟ್ ಸಂದೇಶದಲ್ಲಿ ಕಾರಣ ಬರೆಯುತ್ತೇವೆ. ಆ ಸೌಲಭ್ಯವೇ ಹೋಯಿತು, ಅಥವಾ ಇದನ್ನೇ ಇನ್ನೊಂದು ಟೆಸ್ಟ್ ನೋಡುತ್ತದೆ, ಇಂಥ ಕಾರಣ. ಯಾವ ಟೆಸ್ಟ್ ಅದನ್ನು ನೋಡುತ್ತದೆ ಎಂದೂ ಬರೆಯುತ್ತೇವೆ. ‘ಇನ್ನೊಂದು ನೋಡುತ್ತದೆ’ ಎಂಬುದು ನಿಜವೇ ಎಂದು ತಿಳಿಯಲು ಮ್ಯೂಟಂಟ್ ಎಂಬ ಉಪಕರಣ ಬಳಸುತ್ತೇವೆ. ಅದು ಕೋಡಿನಲ್ಲಿ ಬೇಕೆಂದೇ ಸಣ್ಣ ಬದಲಾವಣೆ ಮಾಡುತ್ತದೆ. ‘ಹೆಚ್ಚು ಅಥವಾ ಸಮ’ ಎಂಬಲ್ಲಿ ‘ಹೆಚ್ಚು’ ಎಂದು ಹಾಕುತ್ತದೆ. ಯಾವ ಟೆಸ್ಟೂ ಕೆಂಪಾಗದಿದ್ದರೆ ಆ ಗಡಿಯನ್ನು ಯಾರೂ ಕಾಯುತ್ತಿಲ್ಲ ಎಂದಾಯಿತು. ಕೆಜಿ ಲೆಕ್ಕದ ಕೂಲಿಯಲ್ಲಿ ಇಂಥ ಗಡಿಗಳೇ ಜಾಸ್ತಿ. ಸಿಂಪಲ್‌ಕವ್ ಕೊಡುವ ಕವರೇಜ್ ಅಂಕಿ ಇಷ್ಟನ್ನು ಹೇಳುವುದಿಲ್ಲ. ಸಾಲು ಓಡಿತು ಎಂದು ಹೇಳುತ್ತದೆ, ಉತ್ತರ ಯಾರಾದರೂ ನೋಡಿದರಾ ಎಂದು ಹೇಳುವುದಿಲ್ಲ.

ಎರಡನೆಯ ಕೆಲಸ ನನಗೆ ಹೆಮ್ಮೆ ತರುವಂಥದ್ದು. ಬಟವಾಡೆಗೆ ಸಂಬಂಧಿಸಿದ ಟೆಸ್ಟ್‌ಗಳ ಹೆಸರನ್ನು ಕನ್ನಡದಲ್ಲಿ ಬರೆಯತೊಡಗಿದೆವು. ರೂಬಿ 2.0ರಿಂದ ಫೈಲುಗಳು ತಾವಾಗಿಯೇ ಯುಟಿಎಫ್-8, ಅಂದರೆ ಯೂನಿಕೋಡ್ ಬರಹ. ರೈಲ್ಸ್‌ನಲ್ಲೂ ಆರ್‌ಸ್ಪೆಕ್‌ನಲ್ಲೂ ಟೆಸ್ಟಿನ ಹೆಸರು ಒಂದು ಸಾಲಿನ ಬರಹ ಅಷ್ಟೇ. ‘ಅರ್ಧ ದಿನ ಬಂದವರಿಗೆ ಅರ್ಧ ಕೂಲಿ’, ‘ಮಳೆಗೆ ಕೆಲಸ ನಿಂತ ದಿನದ ಹಾಜರಿ’, ‘ಮುಂಗಡ ಕಡಿತ ಕೂಲಿಯ ಅರ್ಧ ದಾಟದು’. ಆರ್‌ಸ್ಪೆಕ್ ಈ ಹೆಸರುಗಳನ್ನು ಪಟ್ಟಿಯಾಗಿ ಮುದ್ರಿಸುತ್ತದೆ. ಆ ಪಟ್ಟಿಯ ಪ್ರಿಂಟ್ ತೆಗೆದು ತೋಟದ ರೈಟರ್ ಒಬ್ಬರಿಗೆ ಕೊಟ್ಟೆವು. ಅವರು ಪೆನ್ನು ಹಿಡಿದು ಓದಿದರು. ಎರಡು ಕಡೆ ‘ನಮ್ಮಲ್ಲಿ ಹೀಗಿಲ್ಲ’ ಎಂದು ಗುರುತು ಹಾಕಿದರು. ಒಂದು ಕಡೆ ‘ಇದು ಬಿಟ್ಟುಹೋಗಿದೆ’ ಎಂದು ಹೊಸ ಸಾಲು ಸೇರಿಸಿದರು. ಕೋಡ್ ಓದಲು ಬಾರದವರೂ ನಮ್ಮ ಟೆಸ್ಟನ್ನು ತಿದ್ದಬಲ್ಲರು ಎಂಬುದು ನನಗೆ ದೊಡ್ಡ ವಿಷಯ.

ಸೂಟ್ ಬೇಗ ಓಡಬೇಕು ಎಂಬುದೂ ನಿಜ. ನಿಧಾನಕ್ಕೆ ಮುಖ್ಯ ಕಾರಣ ಸಾಮಾನ್ಯವಾಗಿ ಡೇಟಾಬೇಸ್. ಒಂದು ನಮೂದು ಬೇಕು ಎಂದರೆ, ಮಾದರಿ ದಾಖಲೆ ತಯಾರಿಸುವ ‘ಫ್ಯಾಕ್ಟರಿ’ ಎಂಬ ಕೋಡ್ ಅದರ ಜೊತೆ ತೋಟ, ಮಾಲೀಕ, ಡಿವಿಷನ್ ಎಲ್ಲವನ್ನೂ ಹುಟ್ಟಿಸುತ್ತದೆ. ಟೆಸ್ಟ್ ಪ್ರೊಫ್ ಎಂಬ ಜೆಮ್ ಹಾಕಿ ನೋಡಿ, ಎಲ್ಲಿ ಎಷ್ಟು ಸಮಯ ಹೋಗುತ್ತಿದೆ ಎಂದು ತೋರಿಸುತ್ತದೆ. ರೈಲ್ಸ್ 6ರಿಂದ ಟೆಸ್ಟ್‌ಗಳನ್ನು ಒಟ್ಟೊಟ್ಟಿಗೆ ಓಡಿಸುವ ಸೌಲಭ್ಯ ಇದೆ. ಆದರೆ ಸರದಿ ಕಲಸಿದರೂ ಹಸಿರಾಗಿರುವ ಸೂಟಿಗೆ ಮಾತ್ರ ಅದನ್ನು ಹಾಕಿ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: ಮಿನಿಟೆಸ್ಟ್, ಆರ್‌ಸ್ಪೆಕ್ ಎರಡೂ ಇದ್ದರೆ ಒಂದಕ್ಕೆ ಇಳಿಸಲೇಬೇಕಾ? ಆತುರ ಬೇಡ. ಹೊಸ ಟೆಸ್ಟ್‌ಗಳಿಗೆ ಒಂದನ್ನು ಆರಿಸಿಕೊಳ್ಳಿ. ಹಳೆಯದನ್ನು, ಆ ಭಾಗದ ಕೋಡಿಗೆ ಕೈ ಹಾಕುವ ಮೊದಲು ಬದಲಿಸುತ್ತಾ ಬನ್ನಿ. ಎರಡೂ ಕೆಲವು ವರ್ಷ ಒಟ್ಟಿಗೆ ಇದ್ದರೆ ಯಾರಿಗೂ ನಷ್ಟವಿಲ್ಲ.

ಇನ್ನೊಬ್ಬರು ಕೇಳಿದರು: ಎಐ ಕೈಯಲ್ಲಿ ಟೆಸ್ಟ್ ಬರೆಸಬಹುದಾ? ಬರೆಸಬಹುದು. ಟೆಸ್ಟ್ ಇಲ್ಲದ ಹಳೆಯ ಕೋಡಿಗೆ ‘ಈಗ ಇದು ಏನು ಮಾಡುತ್ತಿದೆ’ ಎಂದು ಬರೆದಿಡಲು ಅದು ಸಹಾಯ ಮಾಡುತ್ತದೆ. ಆದರೆ ಕೋಡ್ ನೋಡಿ ಬರೆದ ಟೆಸ್ಟ್, ಕೋಡಿನಲ್ಲಿ ತಪ್ಪಿದ್ದರೆ ಆ ತಪ್ಪನ್ನೇ ಸರಿ ಎಂದು ಬರೆಯುತ್ತದೆ. ಅರ್ಧದ ಮಿತಿ ಇರಬೇಕು ಎಂಬುದು ಕೋಡಿನಿಂದ ಹುಟ್ಟಿದ್ದಲ್ಲ, ಸಂತೆಯಿಂದ ಮತ್ತು ಕಾಯ್ದೆಯಿಂದ ಬಂದದ್ದು. ಅದನ್ನು ಕೇಳಿ ತಿಳಿಯುವುದು ನಮ್ಮ ಕೆಲಸ.

ಕೊನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು. ಕೆಲಸ ಇಲ್ಲದವರು ಇದನ್ನು ಎಲ್ಲಿ ಕಲಿಯಬೇಕು? ಎಲ್ಲರಿಗೂ ತೆರೆದಿರುವ ರೂಬಿ ಸ್ಪೆಕ್ ನೋಡಿ ಎಂದು ಹೇಳಿದೆ. ರೂಬಿನಿಯಸ್ ಎಂಬ ಇನ್ನೊಂದು ರೂಬಿ ಕಟ್ಟುವಾಗ ಶುರುವಾದ ಟೆಸ್ಟ್ ಸೂಟ್ ಅದು. ಈಗ ಮೂಲ ರೂಬಿ, ಜೆರೂಬಿ, ಟ್ರಫಲ್‌ರೂಬಿ ಮೂರೂ ಅದನ್ನೇ ಓಡಿಸುತ್ತವೆ. ಒಂದು ಮೆಥಡ್ 3.3ರ ತನಕ ಹೇಗಿತ್ತು, 3.4ರಿಂದ ಹೇಗಿದೆ ಎಂಬುದನ್ನು ಅಲ್ಲಿ ಆವೃತ್ತಿಯ ಗಡಿ ಹಾಕಿ ಪಕ್ಕಪಕ್ಕದಲ್ಲಿ ಬರೆದಿರುತ್ತಾರೆ. ಒಂದು ಆವೃತ್ತಿಗೆ ಬೆಂಬಲ ಮುಗಿದಾಗ ಅದರ ಭಾಗ ತೆಗೆಯುತ್ತಾರೆ. ನಿಮಗೆ ಗೊತ್ತಿರುವ ಒಂದು ಸಣ್ಣ ಮೆಥಡ್ ಆರಿಸಿ, ಅದರ ಫೈಲ್ ತೆರೆದು ಓದಿ. ಸ್ಟ್ರಿಂಗ್‌ನ ಮೆಥಡ್‌ಗಳಿಂದ ಶುರು ಮಾಡಿದರೆ ಒಳ್ಳೆಯದು. ಅಲ್ಲಿ ಕನ್ನಡದ ಉದಾಹರಣೆ ಹಾಕಿ ಓಡಿಸಿ ನೋಡಿ. ಕಂಡದ್ದನ್ನು ಬರೆದುಕೊಂಡು ಮುಂದಿನ ಕೂಟಕ್ಕೆ ತನ್ನಿ, ಒಟ್ಟಿಗೆ ಕೂತು ನೋಡೋಣ.